ಕಾಸರಗೋಡು ಪೇಟೆ ಸುತ್ತಲು ಸಣ್ಣ, ಹಗುರ ಕ್ಯಾಮೆರಾ ಬ್ಯಾಗ್ ಯಾವುದು ಒಳ್ಳೆಯದು?

ನೀರ್ಚಾಲಿನವ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 200ಡಿ ಇದೆ. ಜೊತೆಗೆ 18-55 ಜೂಮ್ ಮತ್ತು 50 ಎಂಎಂ ಎಫ್ 1.8 ಲೆನ್ಸ್. ಈಗ ಇರುವುದು ಬೆನ್ನಿಗೆ ಹಾಕುವ ದೊಡ್ಡ ಬ್ಯಾಗ್. ರಜೆ ದಿನ ಬಸ್ ಹಿಡಿದು ಕಾಸರಗೋಡು ಪೇಟೆ, ಮೀನು ಮಾರ್ಕೆಟ್, ತಳಂಗರೆ, ಕುಂಬಳೆ ಕಡೆ ಫೋಟೋ ತೆಗೆಯಲು ಹೋಗುತ್ತೇನೆ. ಕ್ಯಾಮೆರಾ ಬೇಕಾದಾಗ ಬ್ಯಾಗ್ ಇಳಿಸಬೇಕು, ಜಿಪ್ ಎಳೆಯಬೇಕು. ಅಷ್ಟರಲ್ಲಿ ಮುಂದಿದ್ದವರು ಎದ್ದು ಹೋಗಿರುತ್ತಾರೆ. ಬಸ್ಸಿನಲ್ಲಿ ನಿಂತರೆ ಹಿಂದಿನವರಿಗೆ ತಾಗುತ್ತದೆ, ಅವರು ಬೈಯುವುದು ನ್ಯಾಯವೇ.

ಹೆಗಲಿಗೆ ಹಾಕುವ ಸಣ್ಣ ಬ್ಯಾಗ್ ಬೇಕು. ಭಾರ ಇರಬಾರದು. ಮಳೆಗೆ ತಡೆಯಬೇಕು. ನೋಡಿದ ಕೂಡಲೇ ಕ್ಯಾಮೆರಾ ಬ್ಯಾಗ್ ಅಂತ ಗೊತ್ತಾಗಬಾರದು. 2000 ರೂಪಾಯಿ ಒಳಗೆ ಆದರೆ ಒಳ್ಳೆಯದು, ನಿಜವಾಗಿ ಒಳ್ಳೆಯ ವಸ್ತು ಆದರೆ 3000 ತನಕ ನೋಡಬಹುದು.

ಹೊಸದುರ್ಗ ಪ್ಯಾಸೆಂಜರ್
ಸ್ಲಿಂಗ್ ಬ್ಯಾಗ್ ತೆಗೆದುಕೊಳ್ಳಿ. ಒಂದೇ ಬೆಲ್ಟ್, ಎದೆಗೆ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಮುಂದೆ ತಿರುಗಿಸಿಕೊಳ್ಳಬಹುದು, ನಡೆಯುವಾಗ ಬೆನ್ನಿಗೆ ಸರಿಸಬಹುದು. ಪೀಕ್ ಡಿಸೈನ್ ಅವರ ಎವ್ರಿಡೇ ಸ್ಲಿಂಗ್ ತುಂಬಾ ಜನ ಹೊಗಳುತ್ತಾರೆ. 3, 6, 10 ಲೀಟರಿನಲ್ಲಿ ಬರುತ್ತದೆ. ನಿಮ್ಮ ಕ್ಯಾಮೆರಾಗೆ 6 ಲೀಟರ್ ಬೇಕಾದೀತು. ಆದರೆ ನೀವು ಹೇಳಿದ ಬೆಲೆಗೆ ಅದು ಸಿಗುವುದಿಲ್ಲ. ಲೋಪ್ರೋ, ವ್ಯಾನ್‌ಗಾರ್ಡ್ ಸಣ್ಣ ಬ್ಯಾಗುಗಳನ್ನು ಒಮ್ಮೆ ನೋಡಿ. ಮಂಗಳೂರಿಗೆ ಹೋಗುವುದಿದ್ದರೆ ಕ್ಯಾಮೆರಾ ತೆಗೆದುಕೊಂಡೇ ಅಂಗಡಿಗೆ ಹೋಗಿ, ಒಳಗೆ ಇಟ್ಟು ನೋಡಿ. ಆನ್‌ಲೈನ್ ಚಿತ್ರದಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ.

ಒಂದು ಮಾತು. ಲೀಟರ್ ಲೆಕ್ಕ ನಂಬಬೇಡಿ. ಕಂಪನಿಯವರು ಹೊರಗಿನ ಜೇಬು, ಮೇಲಿನ ಜೇಬು ಎಲ್ಲ ಸೇರಿಸಿ ಲೀಟರ್ ಹೇಳಿರಬಹುದು. ನಿಮಗೆ ಬೇಕಾದದ್ದು ಒಳಗಿನ ಉದ್ದ, ಅಗಲ, ಎತ್ತರ.

ಬದಿಯಡ್ಕ ಸ್ಟುಡಿಯೋ
ಬ್ಯಾಗ್ ನೋಡುವ ಮೊದಲು ಒಳಗೆ ಏನು ಹಾಕುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. 200ಡಿ ಬಾಡಿ ಬ್ಯಾಟರಿ, ಕಾರ್ಡ್ ಸೇರಿ 453 ಗ್ರಾಂ. 18-55 ಎಸ್‌ಟಿಎಂ (ಸ್ಟೆಪ್ಪಿಂಗ್ ಮೋಟಾರಿನಿಂದ ಫೋಕಸ್ ಆಗುವ ಜಾತಿ), ಎಫ್ 4-5.6 ಆದರೆ 215 ಗ್ರಾಂ. 50 ಎಂಎಂ ಎಸ್‌ಟಿಎಂ 160 ಗ್ರಾಂ. ಮೂರೂ ಸೇರಿ 828 ಗ್ರಾಂ. ನಿಮ್ಮ ಹೆಗಲಿಗೆ ಭಾರವಾಗುವುದು ಇದಲ್ಲ. ದೊಡ್ಡ ಬ್ಯಾಗಿನಲ್ಲಿ ಜಾಗ ಇದೆ ಅಂತ ಸೇರಿಸುವ ಚಾರ್ಜರ್, ನೀರಿನ ಬಾಟಲಿ, ಸಣ್ಣ ಟ್ರೈಪಾಡ್, ಇನ್ನೊಂದು ಲೆನ್ಸ್, ಇವು ಭಾರ. ಖಾಲಿ ಬ್ಯಾಗಿನದ್ದೇ ಎಷ್ಟು ತೂಕ ಅಂತಲೂ ನೋಡಿ. ತುಂಬಾ ಸ್ಪಾಂಜ್ ತುಂಬಿದ ಬ್ಯಾಗುಗಳು ಕ್ಯಾಮೆರಾದಷ್ಟೇ ಭಾರ ಇರುತ್ತವೆ.

ಪೇಟೆಯ ಫೋಟೋಗೆ ಕ್ಯಾನನ್ 24 ಎಂಎಂ ಎಫ್ 2.8 ಎಸ್‌ಟಿಎಂ ಇದೆಯಲ್ಲ, ಆ ಚಪ್ಪಟೆ ಲೆನ್ಸ್, ಅದನ್ನು ಯೋಚನೆ ಮಾಡಿ. 125 ಗ್ರಾಂ, ದಪ್ಪ 22.8 ಮಿ.ಮೀ. ಮಾತ್ರ. ಎಂಎಂ ಸಂಖ್ಯೆ ಕಡಿಮೆ ಆದಷ್ಟು ನೋಟ ಅಗಲ. ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಭಾಗ, ಹಳೆ ಫಿಲಂ ಚೌಕಟ್ಟಿಗಿಂತ ಸಣ್ಣದು, ಆದ್ದರಿಂದ ಅದರಲ್ಲಿ ಈ ಲೆನ್ಸ್ ಸುಮಾರು 38 ಎಂಎಂ ನೋಟ ಕೊಡುತ್ತದೆ. 50 ಎಂಎಂ ನಿಮ್ಮ ಬಾಡಿಯಲ್ಲಿ 80 ಎಂಎಂನಷ್ಟು ಹತ್ತಿರಕ್ಕೆ ಎಳೆಯುತ್ತದೆ. ಮೀನು ಮಾರ್ಕೆಟಿನ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿ? 24 ಹಾಕಿದರೆ ಕ್ಯಾಮೆರಾ ಮೂತಿ ಚಿಕ್ಕದಾಗುತ್ತದೆ, ಬ್ಯಾಗೂ ಚಿಕ್ಕದು ಸಾಕು. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬ್ಯಾಗಿಗಿಂತ ಮೊದಲು ಅದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಇನ್ನು ನಮ್ಮ ಊರಿನ ನಿಜವಾದ ಶತ್ರು ತೇವ. ಸ್ಟುಡಿಯೋಗೆ ಬರುವ ಹಾಳಾದ ಲೆನ್ಸುಗಳಲ್ಲಿ ಬಿದ್ದು ಒಡೆದದ್ದು ಕಡಿಮೆ, ಒಳಗೆ ಫಂಗಸ್ ಬಂದದ್ದು ಜಾಸ್ತಿ. ಗಾಜಿನ ಮೇಲೆ ಬಿಳಿ ನೂಲಿನ ಹಾಗೆ ಹಬ್ಬಿರುತ್ತದೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಬ್ಯಾಗಿನಲ್ಲೇ ಜೋಪಾನವಾಗಿ ಇಟ್ಟಿದ್ದೆ." ಆ ಜೋಪಾನವೇ ತೊಂದರೆ. ಮಳೆಗಾಲದಲ್ಲಿ ಸ್ಪಾಂಜ್ ತೇವ ಹೀರಿಕೊಳ್ಳುತ್ತದೆ, ಜಿಪ್ ಹಾಕಿದ ಬ್ಯಾಗಿನೊಳಗೆ ಗಾಳಿ ಆಡುವುದಿಲ್ಲ, ಬೆಳಕೂ ಇಲ್ಲ. ಗಾಳಿಯ ತೇವಾಂಶ ಶೇಕಡ 60-70 ದಾಟಿದರೆ ಫಂಗಸ್‌ಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳ ಒಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಆದ್ದರಿಂದ ಬ್ಯಾಗ್ ಎಂದರೆ ಹೊತ್ತುಕೊಂಡು ಹೋಗಲು ಮಾತ್ರ. ಮನೆಗೆ ಬಂದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಿರಿ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದು ಒಳಗಿರಲಿ, 40ರಿಂದ 50ರ ನಡುವೆ ನಿಂತರೆ ಸಾಕು. ಬ್ಯಾಗನ್ನು ಬಾಯಿ ತೆರೆದು ಫ್ಯಾನಿನ ಕೆಳಗೆ ತೂಗುಹಾಕಿ.

ನೀರ್ಚಾಲಿನವ
ಸಿಲಿಕಾ ಜೆಲ್ ಎಷ್ಟು ದಿನ ಬರುತ್ತದೆ ಅಣ್ಣಾ? ಚಪ್ಪಲಿ ಡಬ್ಬಿಯಲ್ಲಿ ಸಿಗುವ ಪೊಟ್ಟಣ ಆಗುತ್ತದಾ?

ಬದಿಯಡ್ಕ ಸ್ಟುಡಿಯೋ
ಆ ಪೊಟ್ಟಣ ನಿಮ್ಮ ಕೈಗೆ ಬರುವಾಗಲೇ ತೇವ ಕುಡಿದು ಮುಗಿದಿರುತ್ತದೆ. ಬಣ್ಣ ಬದಲಾಗುವ ಜೆಲ್ ತೆಗೆದುಕೊಳ್ಳಿ. ನೀಲಿ ಇದ್ದದ್ದು ಗುಲಾಬಿ ಆದರೆ ಅದರ ಕೆಲಸ ಮುಗಿಯಿತು. ಬಿಸಿ ಮಾಡಿ ಒಣಗಿಸಿದರೆ ಪುನಃ ನೀಲಿ ಆಗುತ್ತದೆ. ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷ, ಅಡುಗೆಯ ಬಾಣಲೆಯಲ್ಲಿ ಮಾತ್ರ ಬಿಸಿ ಮಾಡಬೇಡಿ. ಕಿತ್ತಳೆಯಿಂದ ಹಸಿರಾಗುವ ಜಾತಿಯೂ ಸಿಗುತ್ತದೆ, ಮಕ್ಕಳಿರುವ ಮನೆಗೆ ಅದು ವಾಸಿ.

ಮುಳ್ಳೇರಿಯ ಟೀಚರ್
ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಎದೆಗೆ ಅಡ್ಡ ಬರುವ ಸ್ಲಿಂಗ್ ಹೆಂಗಸರಿಗೆ ಅಷ್ಟು ಹಿತ ಅಲ್ಲ. ಅಗಲ ಬೆಲ್ಟ್ ಎದೆಯ ಮೇಲೆ ಕೂರುತ್ತದೆ, ಚೂಡಿದಾರದ ಶಾಲು ಅದರಡಿ ಸಿಕ್ಕಿಕೊಳ್ಳುತ್ತದೆ, ಸೀರೆಯಾದರೆ ಇನ್ನೂ ಕಷ್ಟ. ನಾನು ಒಂದೇ ಹೆಗಲಿಗೆ ಹಾಕುವ ಮಾಮೂಲಿ ಬಟ್ಟೆಯ ಬ್ಯಾಗ್ ಇಟ್ಟುಕೊಂಡಿದ್ದೇನೆ. ಅದರೊಳಗೆ ಕ್ಯಾಮೆರಾ ಇನ್ಸರ್ಟ್ ಕೂತಿದೆ. ಇನ್ಸರ್ಟ್ ಎಂದರೆ ಸ್ಪಾಂಜಿನ ಗೋಡೆಗಳಿರುವ ಬಾಯಿ ತೆರೆದ ಡಬ್ಬ, ಬೇರೆಯಾಗಿಯೇ ಮಾರುತ್ತಾರೆ. ಶಾಲೆಗೆ ಹೋಗುವಾಗ ಅದನ್ನು ತೆಗೆದಿಟ್ಟು ಪುಸ್ತಕ ಹಾಕುತ್ತೇನೆ. ನೋಡಿದವರಿಗೆ ಅದು ಟೀಚರ್ ಬ್ಯಾಗ್.

ಸಣ್ಣ ಬ್ಯಾಗಿನ ನಿಜವಾದ ಲಾಭ ಎದುರಿಗಿರುವ ಜನರಲ್ಲಿ ಕಾಣುತ್ತದೆ. ದೊಡ್ಡ ಬ್ಯಾಗ್ ಹಾಕಿ ಪೇಟೆಯಲ್ಲಿ ನಿಂತರೆ "ಯಾವ ಚಾನೆಲ್‌ನವರು?", "ಹೈವೇ ಅಳತೆಗೆ ಬಂದವರಾ?" ಅಂತ ಕೇಳುತ್ತಾರೆ. ಹೆದ್ದಾರಿ 66ರ ಅಗಲೀಕರಣದಲ್ಲಿ ಜಾಗ ಹೋದವರ ಮುಖದಲ್ಲಿ ಆ ಪ್ರಶ್ನೆಗೆ ಇರುವ ಕಳವಳ ನೋಡಿದರೆ ಮತ್ತೆ ಕ್ಯಾಮೆರಾ ಎತ್ತಲು ಮನಸ್ಸು ಬರುವುದಿಲ್ಲ. ಸಣ್ಣ ಬ್ಯಾಗ್ ಇದ್ದರೆ ಮಾತು ಬೇರೆ ದಾರಿಯಲ್ಲಿ ಶುರು ಆಗುತ್ತದೆ. ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಯಾವುದು ಬರುತ್ತದೋ ಅದರಲ್ಲಿ ನಾಲ್ಕು ಮಾತಾಡಿ, ಆಮೇಲೆ ಫೋಟೋ.

ಹೊಸದುರ್ಗ ಪ್ಯಾಸೆಂಜರ್
ಟೀಚರ್, ಒಂದು ಹೆಗಲಿಗೆ ಹಾಕಿದರೆ ಜಾರುವುದಿಲ್ವಾ? ಓಡಿ ಬಸ್ ಹತ್ತುವಾಗ ನನಗೆ ಅದೇ ಭಯ.

ಮುಳ್ಳೇರಿಯ ಟೀಚರ್
ನುಣುಪು ನೈಲಾನ್ ಬೆಲ್ಟ್ ಆದರೆ ಜಾರುತ್ತದೆ. ಒರಟು ಹತ್ತಿ ಬೆಲ್ಟ್ ಆದರೆ ನಿಲ್ಲುತ್ತದೆ. ಡೋಮ್ಕೆ ಎಂಬ ಅಮೆರಿಕದ ಬ್ಯಾಗುಗಳ ಬೆಲ್ಟಿನಲ್ಲಿ ರಬ್ಬರ್ ನೂಲು ಸೇರಿಸಿ ನೇಯ್ದಿರುತ್ತಾರೆ, ಹೆಗಲು ಬಿಡುವುದೇ ಇಲ್ಲ. ಅದನ್ನು ಮಾಡಿದ ಜಿಮ್ ಡೋಮ್ಕೆ ಸ್ವತಃ ಫಿಲಡೆಲ್ಫಿಯಾದ ಪತ್ರಿಕೆಯೊಂದರ ಫೋಟೋಗ್ರಾಫರ್. 1970ರ ದಶಕದಲ್ಲಿ ತನ್ನ ಕೆಲಸಕ್ಕೆ ಬೇಕು ಅಂತ ಮೆತ್ತನೆಯ ಕ್ಯಾನ್ವಾಸಿನಲ್ಲಿ ಹೊಲಿಸಿದ್ದು. ಗಟ್ಟಿ ಗೋಡೆ ಇಲ್ಲ, ಸ್ಪಾಂಜ್ ತುಂಬಾ ಕಡಿಮೆ. ಮೈಗೆ ಒತ್ತಿಕೊಂಡು ಕೂರುತ್ತದೆ. ನಮ್ಮ ತೇವದ ಊರಿಗೆ ಆ ಯೋಚನೆ ಸರಿಹೊಂದುತ್ತದೆ ಅಂತ ನನಗೆ ಅನಿಸುತ್ತದೆ.

ತಳಂಗರೆ ತೀರ
ಮೀನು ಮಾರ್ಕೆಟ್ ಹೆಸರು ಕೇಳಿ ಬರೆಯುತ್ತಿದ್ದೇನೆ. ಅಲ್ಲಿ ನೆಲದಲ್ಲಿ ಯಾವಾಗಲೂ ಮಂಜುಗಡ್ಡೆ ಕರಗಿದ ನೀರು. ಬ್ಯಾಗ್ ಕೆಳಗೆ ಇಡುವ ಹಾಗೇ ಇಲ್ಲ. ಒಮ್ಮೆ ಕ್ಯಾನ್ವಾಸ್ ಆ ನೀರು ಕುಡಿದರೆ ವಾಸನೆ ವಾರಗಟ್ಟಲೆ ಇರುತ್ತದೆ. ನೈಲಾನ್ ಆದರೆ ಸೋಪು ನೀರಿನಲ್ಲಿ ಉಜ್ಜಿದರೆ ಹೋಗುತ್ತದೆ. ಕ್ಯಾನ್ವಾಸೇ ಬೇಕು ಅಂದರೆ ತಳಕ್ಕೆ ರೆಕ್ಸಿನ್ ಅಥವಾ ದಪ್ಪ ನೈಲಾನ್ ಹಾಕಿಸಿ.

ಬಿಲ್ಲಿಂಗ್‌ಹ್ಯಾಮ್ ಅಂತ ಇಂಗ್ಲೆಂಡಿನ ಬ್ಯಾಗ್ ಇದೆ, ತುಂಬಾ ದುಬಾರಿ. ಅವರು 1973ರಲ್ಲಿ ಶುರು ಮಾಡಿದ್ದು ಮೀನು ಹಿಡಿಯುವವರ ಬ್ಯಾಗ್ ಹೊಲಿಯಲು. ಫೋಟೋಗ್ರಾಫರುಗಳು ಅದನ್ನೇ ಕೊಂಡು ಕ್ಯಾಮೆರಾ ಹಾಕುತ್ತಿದ್ದಾರೆ ಅಂತ ಆಮೇಲೆ ಗೊತ್ತಾಗಿ ಕ್ಯಾಮೆರಾ ಬ್ಯಾಗಿಗೆ ತಿರುಗಿದರು. ನೀರಿನ ಬದಿಯ ಕೆಲಸಕ್ಕೆ ಹೊಲಿದ ವಸ್ತು ಕ್ಯಾಮೆರಾಗೂ ಒದಗಿತು. ನಾವು ಸಮುದ್ರದ ಬದಿಯವರು, ಇದು ನಮಗೆ ಬೇಗ ಅರ್ಥ ಆಗುತ್ತದೆ.

ಉಪ್ಪಿನ ಗಾಳಿಗೆ ಮೊದಲು ಹೋಗುವುದು ಜಿಪ್ಪಿನ ರನ್ನರ್ ಮತ್ತು ಬೆಲ್ಟಿನ ಕಬ್ಬಿಣದ ಕೊಕ್ಕೆ. ಲೋಹದ ಹಲ್ಲಿನ ಜಿಪ್ ಬೇಡವೇ ಬೇಡ. ನೈಲಾನ್ ಅಥವಾ ಪ್ಲಾಸ್ಟಿಕ್ ಹಲ್ಲಿನದ್ದು ಇರಲಿ. ಬೇಕಲ ಕೋಟೆ ಕಡಲ ಬದಿ ಅಥವಾ ಬಂದರು ಕಡೆ ಹೋಗಿ ಬಂದ ದಿನ ಖಾಲಿ ಬ್ಯಾಗಿನ ಜಿಪ್ಪನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಿ, ಸಲೀಸಾಗಿ ಓಡುತ್ತದೆ.

ಉಪ್ಪಳ ಗೇಟ್
ಒಂದು ಬೇರೆ ಅಭಿಪ್ರಾಯ. ಬ್ಯಾಗೇ ಯಾಕೆ? ನಾನು ರಿಕೋ ಜಿಆರ್ 3 ಎಂಬ ಸಣ್ಣ ಕ್ಯಾಮೆರಾ ಹಿಡಿದುಕೊಂಡು ತಿರುಗುತ್ತೇನೆ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಪ್ಯಾಂಟಿನ ಜೇಬಿನಲ್ಲಿ ಹಿಡಿಸುತ್ತದೆ. ಮಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಿಲ್ಲಲು ಜಾಗ ಇಲ್ಲದಾಗಲೂ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಬೆವರು, ಮಳೆ ತಾಗದ ಹಾಗೆ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಒಂದು ಇದ್ದರೆ ಮುಗಿಯಿತು.

ನೀರ್ಚಾಲಿನವ
ಆಸೆ ಇದೆ. ಆದರೆ ಈಗ ಇನ್ನೊಂದು ಕ್ಯಾಮೆರಾ ಕೊಳ್ಳುವ ಸ್ಥಿತಿ ಇಲ್ಲ. ಇರುವುದನ್ನೇ ಚೆನ್ನಾಗಿ ಬಳಸಬೇಕು.

ಹೊಸದುರ್ಗ ಪ್ಯಾಸೆಂಜರ್
ಅದೇ ಸರಿ. ಮತ್ತೆ ಒಂದು, ವೆಲ್ಕ್ರೋ ಇರುವ ಮುಚ್ಚಳ ಬೇಡ. ಭೂತದ ಕೋಲದಲ್ಲಿ ಪಾಡ್ದನದ ಹಾಡು ಹೇಳುತ್ತಿರುವ ಹೊತ್ತಿಗೆ ಪರ್ರ್ ಅಂತ ವೆಲ್ಕ್ರೋ ಎಳೆದರೆ ಸುತ್ತ ಕೂತವರೆಲ್ಲ ತಿರುಗಿ ನೋಡುತ್ತಾರೆ. ಥಿಂಕ್ ಟ್ಯಾಂಕ್ ಅವರ ರೆಟ್ರೋಸ್ಪೆಕ್ಟಿವ್ ಬ್ಯಾಗುಗಳಲ್ಲಿ ಸದ್ದು ಬರದ ಹಾಗೆ ವೆಲ್ಕ್ರೋ ಮೇಲೆ ಮಡಚುವ ಪಟ್ಟಿ ಕೊಟ್ಟಿದ್ದಾರೆ. ಇರುವ ಬ್ಯಾಗಿನಲ್ಲಿ ವೆಲ್ಕ್ರೋ ಇದ್ದರೆ ಮೇಲೆ ಒಂದು ತುಂಡು ಬಟ್ಟೆ ಅಂಟಿಸಿ ಬಿಡಿ.

ಬದಿಯಡ್ಕ ಸ್ಟುಡಿಯೋ
ಕೋಲದ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಕೆಂಡ ಹಾಯುವ ಒತ್ತೆಕೋಲಕ್ಕೆ ಹೋಗುವವರು ನೈಲಾನ್ ಬ್ಯಾಗ್ ಹಾಕಿ ಕೆಂಡದ ರಾಶಿಯ ಹತ್ತಿರ ನಿಲ್ಲಬೇಡಿ. ಕಿಡಿ ಹಾರಿ ಬಿದ್ದರೆ ನೈಲಾನ್ ಕರಗಿ ತೂತಾಗುತ್ತದೆ. ದಪ್ಪ ಹತ್ತಿ ಬಟ್ಟೆ ಅಷ್ಟು ಬೇಗ ಹೋಗುವುದಿಲ್ಲ, ಕೈಯಲ್ಲಿ ತಟ್ಟಿದರೆ ಆರುತ್ತದೆ. ಅಲ್ಲಿ ದೂರ ನಿಲ್ಲುವುದು ಎಲ್ಲದಕ್ಕಿಂತ ಮುಖ್ಯ, ನಿಮಗೂ ಅವರಿಗೂ.

ಮಂಜೇಶ್ವರ ಹೊಲಿಗೆ
ಓದಿಕೊಂಡು ಬಂದೆ. ನಾನು ಬ್ಯಾಗ್ ಹೊಲಿಯುವವನು. ಶಾಲೆ ಬ್ಯಾಗ್, ಪ್ರಯಾಣದ ಬ್ಯಾಗ್, ಕೊಡೆ ರಿಪೇರಿ ಎಲ್ಲ ಮಾಡುತ್ತೇನೆ. ಕ್ಯಾಮೆರಾ ಬ್ಯಾಗ್ ರಿಪೇರಿಗೆ ಬರುವುದನ್ನು ಬಿಚ್ಚಿ ನೋಡಿದ್ದೇನೆ. ನನ್ನ ಮಾತು ಇಷ್ಟೇ: ಹೊರಗಿನ ಚೀಲ ಬೇರೆ, ಒಳಗಿನ ಸ್ಪಾಂಜ್ ಡಬ್ಬ ಬೇರೆ ಮಾಡಿಸಿ. ಟೀಚರ್ ಹೇಳಿದ್ದು ಅದೇ. ಅಂಗಡಿಯ ಬ್ಯಾಗಿನಲ್ಲಿ ಸ್ಪಾಂಜನ್ನು ಬಟ್ಟೆಯ ನಡುವೆ ಇಟ್ಟು ಹೊಲಿದಿರುತ್ತಾರೆ. ಒಮ್ಮೆ ನೀರು ಒಳಗೆ ಹೋದರೆ ಹೊರಗೆ ಬರಲು ದಾರಿ ಇಲ್ಲ. ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟು ಹಿಡಿದಿರುತ್ತದೆ. ಎರಡೂ ಬೇರೆ ಇದ್ದರೆ ಎರಡನ್ನೂ ಬೇರೆ ಬೇರೆ ಒಣಗಿಸಬಹುದು. ಚೀಲ ಹರಿದರೆ ಚೀಲ ಮಾತ್ರ ಬದಲಿಸಿದರೆ ಸಾಕು.

ಡಬ್ಬಕ್ಕೆ ಹಾಸಿಗೆಯ ಸ್ಪಾಂಜ್ ಬೇಡ, ಅದು ನೀರು ಕುಡಿಯುತ್ತದೆ. ಇವಿಎ ಫೋಮ್ ಹಾಕಿ, ಯೋಗ ಮ್ಯಾಟ್ ಜಾತಿಯದ್ದು. ಅದರ ಗುಳ್ಳೆಗಳು ಮುಚ್ಚಿರುತ್ತವೆ, ನೀರು ಒಳಗೆ ಹೋಗುವುದಿಲ್ಲ. 5-6 ಮಿ.ಮೀ. ದಪ್ಪ ಸಾಕು, ತಳಕ್ಕೆ ಮಾತ್ರ ಎರಡು ಪದರ. ಯಾಕೆಂದರೆ ಬ್ಯಾಗ್ ಬಡಿಯುವುದು ತಳದಲ್ಲೇ, ಬೆಂಚಿನ ಮೇಲೆ, ಬಸ್ಸಿನ ಮೆಟ್ಟಿಲಿಗೆ.

ಹೊಲಿಗೆಗೆ ಹತ್ತಿ ನೂಲು ಬೇಡ, ತೇವಕ್ಕೆ ಕೊಳೆಯುತ್ತದೆ. ಪಾಲಿಯೆಸ್ಟರ್ ನೂಲು ಹಾಕಲು ಹೇಳಿ. ಬೆಲ್ಟ್ ಒಂದೂವರೆ ಇಂಚು ಅಗಲ ಸಾಕು. ಬೆಲ್ಟನ್ನು ಚೀಲಕ್ಕೆ ಸೇರಿಸುವ ಜಾಗದಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಬೇಕು. ಅಲ್ಲಿಯೇ ಬ್ಯಾಗ್ ಕಿತ್ತು ಬರುವುದು. ಹೊಸ ಬ್ಯಾಗ್ ಕೊಳ್ಳುವಾಗಲೂ ಮೊದಲು ಆ ಜಾಗ ನೋಡಿ. ಎರಡನೆಯದು, ಒಳಗಿನ ಬಟ್ಟೆಗೆ ಪ್ಲಾಸ್ಟಿಕ್ ಲೇಪ ಹಾಕಿದ್ದು ನಮ್ಮ ಹವೆಗೆ ಕೆಲವು ವರ್ಷಕ್ಕೆ ಅಂಟು ಅಂಟಾಗಿ ಉದುರುತ್ತದೆ. ಆ ಪುಡಿ ಲೆನ್ಸಿಗೆ ಹತ್ತುತ್ತದೆ. ಕಪ್ಪು ಬಟ್ಟೆಯೂ ಬೇಡ, ತಿಳಿ ಬಣ್ಣ ಹಾಕಿ. ಕತ್ತಲೆಯಲ್ಲಿ ಲೆನ್ಸ್ ಮುಚ್ಚಳ ಹುಡುಕುವಾಗ ಗೊತ್ತಾಗುತ್ತದೆ.

ಹೊಸದುರ್ಗ ಪ್ಯಾಸೆಂಜರ್
ಹೊಲಿಸಿದ ಬ್ಯಾಗಿಗೆ ಗ್ಯಾರಂಟಿ ಏನು? ಕಂಪನಿಯದ್ದು ಎಷ್ಟೋ ಪರೀಕ್ಷೆ ಮಾಡಿ ಮಾಡಿರುತ್ತಾರೆ. ಕ್ಯಾಮೆರಾ ಬೆಲೆ ನೋಡಿದರೆ ಬ್ಯಾಗಿನಲ್ಲಿ ಉಳಿತಾಯ ಬೇಕಾ ಅಂತ ನನ್ನ ಸಂಶಯ.

ಮಂಜೇಶ್ವರ ಹೊಲಿಗೆ
ಸಂಶಯ ಇರಲಿ, ತಪ್ಪಿಲ್ಲ. ಒಳ್ಳೆಯ ಕಂಪನಿ ಬ್ಯಾಗಿನ ಹೊಲಿಗೆ ಒಳ್ಳೆಯದೇ. ಆದರೆ 2000 ರೂಪಾಯಿಯ ಬ್ಯಾಗೂ 12,000ದ ಬ್ಯಾಗೂ ಒಂದೇ ಅಲ್ಲವಲ್ಲ. ಕಡಿಮೆ ಬೆಲೆಯದರಲ್ಲಿ ಜಿಪ್ ಮತ್ತು ಬಕಲ್‌ನಲ್ಲಿ ಮೊದಲು ಕಡಿತ ಮಾಡುತ್ತಾರೆ. ಅದೇ ಹಣಕ್ಕೆ ನಾವು ಒಳ್ಳೆಯ ಜಿಪ್, ಒಳ್ಳೆಯ ಬೆಲ್ಟ್ ಆರಿಸಿ ಹಾಕಬಹುದು. ಹೊಲಿಗೆ ಬಿಟ್ಟರೆ ಕೊಟ್ಟವನ ಹತ್ತಿರವೇ ತರಬಹುದು. ಹೊಲಿಸಿದ ಮೇಲೆ ಮೊದಲು ಅಕ್ಕಿ ತುಂಬಿ ಎರಡು ಮೂರು ದಿನ ಹೆಗಲಿಗೆ ಹಾಕಿ ನಡೆಯಿರಿ. ನಂಬಿಕೆ ಬಂದರೆ ಕ್ಯಾಮೆರಾ ಹಾಕಿ.

ಉಪ್ಪಳ ಗೇಟ್
ಮಳೆಗೆ ಏನು ಮಾಡುವುದು? ಆಟಿ ತಿಂಗಳ ಮಳೆಗೆ ಯಾವ ಬ್ಯಾಗೂ ನಿಲ್ಲುವುದಿಲ್ಲ ಅಂತ ನನ್ನ ಅನುಭವ.

ಮಂಜೇಶ್ವರ ಹೊಲಿಗೆ
ನಿಜ. ಸೂಜಿ ಹೋದಲ್ಲೆಲ್ಲ ತೂತು. ವಾಟರ್‌ಪ್ರೂಫ್ ಬಟ್ಟೆ ಅಂದರೂ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಅದಕ್ಕೆ ಚೀಲದ ಒಳಗೆ, ಡಬ್ಬದ ಹೊರಗೆ ಒಂದು ದಪ್ಪ ಪ್ಲಾಸ್ಟಿಕ್ ಲಕೋಟೆ ಮಡಚಿ ಇಟ್ಟುಕೊಳ್ಳಿ. ಮಳೆ ಜೋರಾದಾಗ ಡಬ್ಬವನ್ನೇ ಅದರೊಳಗೆ ಇಳಿಸಿ ಬಾಯಿ ಮಡಚಿ. ಹೊರಗಿನ ಚೀಲ ಒದ್ದೆ ಆದರೆ ಆಗಲಿ.

ಬದಿಯಡ್ಕ ಸ್ಟುಡಿಯೋ
ಮನೆಗೆ ಬಂದ ಮೇಲೆ ಆ ಲಕೋಟೆಯಿಂದ ಹೊರಗೆ ತೆಗೆಯಲು ಮಾತ್ರ ಮರೆಯಬೇಡಿ. ಇನ್ನೊಂದು, ಎಸಿ ರೈಲು, ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದರೆ ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಸ್ವಲ್ಪ ಹೊತ್ತು ಬಿಡಿ, ಹೊರಗಿನ ಬಿಸಿಗೆ ಒಗ್ಗಲಿ.

ತಳಂಗರೆ ತೀರ
ನಿಮ್ಮ ಕ್ಯಾಮೆರಾದ ಬೆಲ್ಟ್ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಹೆಸರು ಇದೆ ಅಲ್ವಾ? ಬ್ಯಾಗ್ ಎಷ್ಟು ಸಾದಾ ಇದ್ದರೂ ಅದು ಹೊರಗೆ ನೇತಾಡಿದರೆ ದೂರದಿಂದಲೇ ಕಾಣುತ್ತದೆ. ಅದನ್ನು ಬಿಚ್ಚಿ ಮಣಿಕಟ್ಟಿಗೆ ಹಾಕುವ ಸಣ್ಣ ಹಗ್ಗ ಕಟ್ಟಿ. ಬ್ಯಾಗಿನಲ್ಲಿ ಜಾಗವೂ ಉಳಿಯುತ್ತದೆ.

ಆದರೆ ಕದ್ದು ಫೋಟೋ ತೆಗೆಯಲು ಸಣ್ಣ ಬ್ಯಾಗ್ ಅಂತ ಯಾರೂ ತಿಳಿಯಬೇಡಿ. ಮಾಲಿಕ್ ದೀನಾರ್ ಮಸೀದಿಯ ಪರಿಸರ ಇರಲಿ, ಮಧೂರು ದೇವಸ್ಥಾನದ ಅಂಗಳ ಇರಲಿ, ಕೇಳಿಯೇ ತೆಗೆಯಿರಿ. ಬೇಡ ಅಂದರೆ ಕ್ಯಾಮೆರಾ ಒಳಗೆ ಇಡಿ. ಒಳಗೆ ಇಟ್ಟದ್ದು ಅವರಿಗೆ ಕಾಣಬೇಕು. ಸಣ್ಣ ಬ್ಯಾಗ್ ಅದಕ್ಕೂ ಒಳ್ಳೆಯದು, ಒಂದೇ ಕೈಯಲ್ಲಿ ಆಗುತ್ತದೆ.

ನೀರ್ಚಾಲಿನವ
ಎಲ್ಲರಿಗೂ ತುಂಬಾ ಧನ್ಯವಾದ. ಹೊಲಿಸುವುದು ಅಂತ ನಿರ್ಧಾರ ಮಾಡಿದೆ. ಜೂಮ್ ಮನೆಯಲ್ಲಿ ಬಿಡುತ್ತೇನೆ, 24 ಎಂಎಂ ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ. ಅಲ್ಲಿ ತನಕ 50 ಸಾಕು. ಅಳತೆ ಎಷ್ಟು ಹೇಳಲಿ? ಕ್ಯಾಮೆರಾ 122 ಮಿ.ಮೀ. ಉದ್ದ, 93 ಎತ್ತರ, 70 ದಪ್ಪ.

ಮಂಜೇಶ್ವರ ಹೊಲಿಗೆ
ಲೆನ್ಸ್ ಕೆಳಗೆ ಮುಖ ಮಾಡಿ ಕ್ಯಾಮೆರಾ ಇಳಿಸುವ ಲೆಕ್ಕ ಹಾಕಿ. ಆಗ ಬಾಡಿ ಮೇಲೆ ಬರುತ್ತದೆ, ಕೈ ಹಾಕಿದರೆ ಹಿಡಿ ನೇರ ಸಿಗುತ್ತದೆ. ಡಬ್ಬದ ಒಳ ಅಳತೆ ಉದ್ದ 22 ಸೆಂ.ಮೀ., ಅಗಲ 10, ಎತ್ತರ 15 ಇಡಿ. ಬದಿಯಲ್ಲಿ ಇನ್ನೊಂದು ಲೆನ್ಸ್ ನಿಲ್ಲುತ್ತದೆ. ಎಂದಾದರೂ ಜೂಮ್ ಹಾಕಬೇಕಾದರೂ ಎತ್ತರ ಸಾಲುತ್ತದೆ. ಹೊರ ಚೀಲ ಎಲ್ಲ ಕಡೆ ಎರಡು ಸೆಂ.ಮೀ. ಜಾಸ್ತಿ ಇರಲಿ. ಬ್ಯಾಟರಿ, ಕಾರ್ಡಿಗೆ ಮೈ ಕಡೆಯ ಗೋಡೆಯಲ್ಲಿ ಒಂದು ಜೇಬು. ಹೊರಗಡೆ ಜೇಬು ಬೇಡ, ಬಸ್ಸಿನಲ್ಲಿ ಅದಕ್ಕೆ ಕಾವಲು ಕೂರಲು ಆಗುವುದಿಲ್ಲ.

ನೀರ್ಚಾಲಿನವ
ಮೇಲೆ ಜಿಪ್ ಹಾಕಿಸುವುದಾ, ಮುಚ್ಚಳವಾ?

ಮಂಜೇಶ್ವರ ಹೊಲಿಗೆ
ಎರಡೂ. ಜಿಪ್ ಬಸ್ಸಿಗೆ, ಮುಚ್ಚಳ ಮಳೆಗೆ. ಪೇಟೆಯಲ್ಲಿ ನಡೆಯುವಾಗ ಜಿಪ್ ತೆರೆದೇ ಬಿಟ್ಟು ಮುಚ್ಚಳ ಮಾತ್ರ ಇಳಿಸಿ. ಮುಚ್ಚಳ ನಿಮ್ಮ ಮೈಯಿಂದ ಆಚೆಗೆ ಬೀಳಬೇಕು, ಜಿಪ್ಪಿನ ರನ್ನರ್ ಮುಚ್ಚಿದಾಗ ನಿಮ್ಮ ಹೊಟ್ಟೆ ಕಡೆ ಬಂದು ನಿಲ್ಲಬೇಕು. ಯಾವ ಹೆಗಲಿಗೆ ಹಾಕುತ್ತೀರಿ ಅಂತ ಹೊಲಿಯುವವರಿಗೆ ಮೊದಲೇ ಹೇಳಿ, ಆಮೇಲೆ ತಿರುಗಿಸಲು ಆಗುವುದಿಲ್ಲ.